ಬಿಳಿ ಬೆಲ್ಟಿನವರಿಗೊಂದು ಬಹಿರಂಗ ಪತ್ರ

ಜಪಾನಿನಲ್ಲಿ ನೆಲೆಸಿ, ಈ ಏಪ್ರಿಲ್‌ನಲ್ಲಿ ಜೂಡೊ, ಕೆಂಡೊ, ಕರಾಟೆ, ಐಕಿಡೊ ಕ್ಲಬ್ಬುಗಳನ್ನು ಸೇರಿರುವ ಕನ್ನಡಿಗರಿಗೆ, ಅಲ್ಲಿನ ಶಾಲೆಗಳ ಕ್ಲಬ್ಬುಗಳಿಗೆ ಮಕ್ಕಳನ್ನು ಕಳಿಸುತ್ತಿರುವ ತಂದೆತಾಯಿಗಳಿಗೆ,



ಜಪಾನಿನ ಕ್ಲಬ್ಬುಗಳಲ್ಲಿ ಹೊಸ ವರ್ಷ ಹುಟ್ಟುವುದು ಏಪ್ರಿಲ್‌ನಲ್ಲಿ. ಶಾಲೆ ಕಾಲೇಜುಗಳ ವರ್ಷ ಆಗ ಶುರುವಾಗುವುದರಿಂದ ಡೋಜೊಗಳ, ಅಂದರೆ ಅಭ್ಯಾಸದ ಮನೆಗಳ, ವರ್ಷವೂ ಅದನ್ನೇ ಹಿಡಿದು ನಡೆಯುತ್ತದೆ. ಮೊದಲ ತಿಂಗಳು ಬಾಗುವುದು, ಮೊಣಕಾಲು ಮಡಚಿ ಕೂರುವುದು, ಬೆಲ್ಟ್ ಕಟ್ಟುವುದು, ನೆಲ ಒರೆಸುವುದು ಇಷ್ಟರಲ್ಲೇ ಕಳೆಯುತ್ತದೆ. ಬೇಸಿಗೆಯಲ್ಲಿ ಊರಾಚೆ ಎಲ್ಲೋ ಒಟ್ಟಿಗೆ ಉಳಿದು ಮಾಡುವ ಗಶ್ಶುಕು ಶಿಬಿರ, ಬೇಕೆಂದೇ ಕಡುಬೇಗೆಯಲ್ಲಿ ನಡೆಸುವ ಶೊಚುಗೇಕೊ. ಜನವರಿಯಲ್ಲಿ ಕಗಾಮಿಬಿರಾಕಿ ಹಬ್ಬ, ಅದರ ಹಿಂದುಮುಂದೆ ಬೆಳಕು ಹರಿಯುವ ಮೊದಲೇ ಎದ್ದು ಮಾಡುವ ಕಾನ್‌ಗೇಕೊ ಎಂಬ ಚಳಿಗಾಲದ ಸಾಮು. ಮಾರ್ಚಿನಲ್ಲಿ ಕೊನೆಯ ವರ್ಷದವರನ್ನು ಬೀಳ್ಕೊಟ್ಟರೆ ಒಂದು ಸುತ್ತು ಮುಗಿಯಿತು. ನೀವೀಗ ಆ ಸುತ್ತಿನ ಮೊದಲ ತುದಿಯಲ್ಲಿದ್ದೀರಿ. ಈ ವರ್ಷವಿಡೀ ನಿಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ: ಇದು ಇಲ್ಲಿನ ಸಂಪ್ರದಾಯ. ಆ ಮಾತಿಗೆ ಎಲ್ಲಿ ತಲೆಬಾಗಬೇಕು, ಎಲ್ಲಿ ಬಾಗಬಾರದು ಎನ್ನುವುದನ್ನು ಕುರಿತೇ ಈ ಪತ್ರ. ಡೋಜೊದಲ್ಲಿ ಗುರುವನ್ನು ಕೇಳುವುದು ಸಂಪ್ರದಾಯಕ್ಕೆ ಹೊರಗಿನದೆಂದು ಬಹಳ ಮಂದಿ ನಂಬಿದ್ದಾರೆ. ಅದು ಒಳಗಿನದೇ ಎಂಬುದು ನನ್ನ ವಾದ. ಕೇಳುವ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಮೊದಲ ವರ್ಷದವರಿಗೆ. ಕೇಳುವ ಧೈರ್ಯ ಎಲ್ಲರಿಗಿಂತ ಕಡಿಮೆ ಇರುವುದೂ ಅವರಿಗೇ.

ಸಂಪ್ರದಾಯ ಎಂದ ಕೂಡಲೇ ಸಾವಿರ ವರ್ಷದ ಸಮುರಾಯಿ ಕಣ್ಣಮುಂದೆ ಬಂದು ನಿಲ್ಲುತ್ತಾನೆ. ಆದರೆ ನಿಮ್ಮ ಕ್ಲಬ್ಬಿನ ಬಹುಪಾಲು ಆಚಾರಗಳು ಜಪಾನಿಗೆ ರೈಲು ಬಂದ ಮೇಲಿನವು. ಜೂಡೊವನ್ನು ರೂಪಿಸಿದ ಕಾನೊ ಜಿಗೊರೊ ಟೋಕಿಯೊದ ಏಶೋಜಿ ಎಂಬ ಬೌದ್ಧ ದೇಗುಲದಲ್ಲಿ 12 ತತಾಮಿ ಚಾಪೆ ಹಿಡಿಸುವಷ್ಟು ಜಾಗದಲ್ಲಿ, 9 ಮಂದಿ ಶಿಷ್ಯರೊಂದಿಗೆ ಕೊಡೊಕಾನ್ ಎಂಬ ತಮ್ಮ ಶಾಲೆ ಆರಂಭಿಸಿದ್ದು 1882ರಲ್ಲಿ. ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದ ಮರುವರ್ಷ. 'ದಾನ್' ದರ್ಜೆಗಳನ್ನು ಜೂಡೊಗೆ ತಂದವರೂ ಅವರೇ, ಮೊದಲ ದರ್ಜೆ ಕೊಟ್ಟದ್ದು 1883ರಲ್ಲಿ. ಹಳದಿ, ಕಿತ್ತಳೆ, ಹಸಿರು ಎಂದು ಬಣ್ಣಬಣ್ಣದ ಬೆಲ್ಟು ಕಟ್ಟುವ ರೂಢಿ ಬೆಳೆದದ್ದು ಯುರೋಪಿನಲ್ಲಿ. ಒಕಿನಾವದ ಫುನಾಕೊಶಿ ಗಿಚಿನ್ ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿದ್ದು 1922ರಲ್ಲಿ. ಅದಕ್ಕಿಂತ ನಮ್ಮ ಕನ್ನಡ ಸಾಹಿತ್ಯ ಪರಿಷತ್ತೇ 7 ವರ್ಷ ಹಿರಿಯದು. 'ಚೀನಾದ ಕೈ' ಎಂಬ ಅರ್ಥ ಬರುವಂತೆ ಬರೆಯುತ್ತಿದ್ದ ಅದರ ಹೆಸರನ್ನು 'ಬರಿಗೈ' ಎಂದು ತಿದ್ದಿ ಬರೆಯುವುದು ನೆಲೆಯೂರಿದ್ದು 1930ರ ದಶಕದಲ್ಲಿ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕನ್ನರ ಆಡಳಿತ ಇವನ್ನೆಲ್ಲ ಶಾಲೆಗಳಿಂದ ಹೊರಗಿಟ್ಟಿತು. ಜೂಡೊ ಮತ್ತೆ ಒಳಗೆ ಬಂದದ್ದು 1950ರಲ್ಲಿ. ಹೀಗೆ ಲೆಕ್ಕ ಹಾಕಿದರೆ ಸಂಪ್ರದಾಯದ ತೂಕವೇನೂ ಕಡಿಮೆಯಾಗುವುದಿಲ್ಲ. ಒಂದು ಅನುಕೂಲ ಮಾತ್ರ ಸಿಗುತ್ತದೆ: ಗೊತ್ತಿರುವ ಮನುಷ್ಯರು, ಗೊತ್ತಿರುವ ಇಸವಿಯಲ್ಲಿ, ಯೋಚಿಸಿ ಕಟ್ಟಿದ ಮನೆ ಇದು. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಎಂದು ಹೋಗಿ ನೋಡಬಹುದು.

ಕಾನೊ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅವರು ಕಲಿತ ಬಗೆಯನ್ನೂ ಕಲಿಸಿದ ಬಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹುಡುಗನಾಗಿದ್ದಾಗ ಅವರದು ಸಣ್ಣ ಮೈ. ವಸತಿಶಾಲೆಯಲ್ಲಿ ದಾಂಡಿಗರ ಕಾಟ. ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆ ಕಲಿಯೋಣವೆಂದರೆ ಮೇಯ್ಜಿ ಕಾಲದ ಹೊಸ ಗಾಳಿಯಲ್ಲಿ ಅದನ್ನು ಕಲಿಸುವವರೇ ಸಿಗದಂತಾಗಿತ್ತು. ಮೂಳೆ ಕೂಡಿಸುವ ನಾಟಿ ವೈದ್ಯರಲ್ಲಿ ಕೆಲವರು ಹಳೆಯ ಜುಜುತ್ಸು ಗುರುಗಳೆಂದು ಕೇಳಿ, ಅಂಥವರನ್ನು ಹುಡುಕಿಕೊಂಡು ಹೋಗಿ, 1877ರಲ್ಲಿ ಫುಕುದಾ ಹಚಿನೊಸುಕೆ ಎಂಬವರ ಬಳಿ ಸೇರಿದರು. ಒಂದು ದಿನ ಗುರು ಎಸೆದ ಪಟ್ಟು ಅರ್ಥವಾಗದೆ ಕಾನೊ ಕೇಳಿದರಂತೆ: ಕೈ ಎಲ್ಲಿಡಬೇಕು, ಕಾಲು ಹೇಗೆ ತೆಗೆಯಬೇಕು? ಫುಕುದಾ ಉತ್ತರ ಹೇಳಲಿಲ್ಲ, ಹಿಡಿದು ಮತ್ತೆ ಎಸೆದರು. ಮತ್ತೆ ಕೇಳಿದರು, ಮತ್ತೆ ಎಸೆದರು. ಕೇಳಿದರೆ ಬರುವ ವಿದ್ಯೆಯಲ್ಲ, ಬಿದ್ದು ಬಿದ್ದು ತಾನೇ ಬರುತ್ತದೆ ಎಂಬುದು ಗುರುವಿನ ನಿಲುವು. ಈ ಪ್ರಸಂಗವನ್ನು ಇಂದಿಗೂ ಡೋಜೊಗಳಲ್ಲಿ ಮೆಚ್ಚಿಕೊಂಡು ಹೇಳುತ್ತಾರೆ, 'ನೋಡು, ದೊಡ್ಡವರೂ ಹೀಗೇ ಕಲಿತದ್ದು' ಎಂಬ ಧಾಟಿಯಲ್ಲಿ. ಆದರೆ ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಅದೇ ಕಾನೊ ತಾವು ಗುರುವಾದಾಗ ಕೊಡೊಕಾನಿನಲ್ಲಿ ಕಲಿಕೆಗೆ 4 ದಾರಿ ಇಟ್ಟರು: ಕಾತಾ ಎಂಬ ಕ್ರಮಬದ್ಧ ವರಸೆ, ರಾಂದೊರಿ ಎಂಬ ಬಿಡುವರಸೆ, ಕೋಗಿ ಎಂಬ ಉಪನ್ಯಾಸ, ಮೊಂದೊ ಎಂಬ ಪ್ರಶ್ನೋತ್ತರ. ನಾಲ್ಕರಲ್ಲಿ ಎರಡು ಬಾಯಿಮಾತಿನವು. ಅದರಲ್ಲೂ ಒಂದು ಶಿಷ್ಯನ ಬಾಯಿಂದ ಶುರುವಾಗುವಂಥದು. ತನಗೆ ಸಿಗದ ಉತ್ತರವನ್ನು ತನ್ನ ಶಿಷ್ಯರಿಗೆ ಸಿಗುವಂತೆ ಮಾಡಿದ ಮನುಷ್ಯ ಅವರು. ಟೋಕಿಯೊದ ಉನ್ನತ ಶಿಕ್ಷಕರ ಶಾಲೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಮುಖ್ಯಸ್ಥರಾಗಿದ್ದವರಿಗೆ ಮೇಷ್ಟ್ರ ಕೆಲಸ ಏನೆಂದು ತಿಳಿದಿತ್ತು. ರಾಂದೊರಿಗೆ ಯಾವ ಪಟ್ಟುಗಳನ್ನು ಬಿಡಬೇಕು, ಅಪಾಯದ ಯಾವುವನ್ನು ಕಾತಾದೊಳಗೆ ಮಾತ್ರ ಇಡಬೇಕು ಎಂದು ಸೋಸಿದವರೂ ಅವರೇ.

ಇದಕ್ಕೊಂದು ತಕರಾರು ತಕ್ಷಣ ಬರುತ್ತದೆ, ಅದು ನ್ಯಾಯವಾದದ್ದೇ. ಅದೇ ಕೊಡೊಕಾನಿಗೆ ಸೇರುವವರು 5 ಅಂಶಗಳ ಪ್ರತಿಜ್ಞೆಗೆ ಸಹಿ ಹಾಕಬೇಕಿತ್ತು. ನಡುವೆ ಬಿಟ್ಟು ಹೋಗುವುದಿಲ್ಲ, ಡೋಜೊದ ಮರ್ಯಾದೆ ಕಳೆಯುವುದಿಲ್ಲ, ನಿಯಮ ಮೀರುವುದಿಲ್ಲ ಎಂಬಂಥವು. ಹಾಗಾದರೆ ವಿಧೇಯತೆಯೇ ಮೂಲವಲ್ಲವೇ? ಹೌದು, ನಿಯಮಕ್ಕೆ ವಿಧೇಯತೆ. ಆದರೆ ನಿಯಮಕ್ಕೆ ಒಪ್ಪುವುದು ಬೇರೆ, ನಿಯಮದ ಹೆಸರಿನಲ್ಲಿ ಎದುರಿಗಿದ್ದವನ ಮರ್ಜಿಗೆ ಒಪ್ಪುವುದು ಬೇರೆ. ಪ್ರತಿಜ್ಞೆಯೂ ಪ್ರಶ್ನೋತ್ತರವೂ ಒಂದೇ ಸೂರಿನಡಿ ಇದ್ದವು ಎಂದಮೇಲೆ ಒಂದು ಇನ್ನೊಂದನ್ನು ಕೊಲ್ಲುತ್ತದೆ ಎಂದು ಕಟ್ಟಿದವರು ಭಾವಿಸಿರಲಿಲ್ಲ. ನಮ್ಮಲ್ಲೂ ಗುರುಭಕ್ತಿಗೆ ಕೊರತೆಯಿರಲಿಲ್ಲ. ಹಾಗಿದ್ದೂ ಪ್ರಶ್ನೆಯ ಹೆಸರಿನಲ್ಲೇ ಒಂದು ಉಪನಿಷತ್ತು ಉಳಿದುಬಂದಿದೆ.

ಈಗ ಚಾಪೆಯ ಮೇಲೆ ಬನ್ನಿ. ಜೂಡೊದಲ್ಲಿ, ಐಕಿಡೊದಲ್ಲಿ ಮೊದಲು ಕಲಿಸುವುದು ಎಸೆಯುವುದನ್ನಲ್ಲ, ಬೀಳುವುದನ್ನು. ಅದಕ್ಕೆ ಉಕೆಮಿ ಎನ್ನುತ್ತಾರೆ; ಉಕೆ ಎಂದರೆ ತೆಗೆದುಕೊಳ್ಳುವುದು, ಮಿ ಎಂದರೆ ಮೈ. (ನಮ್ಮ 'ಮೈ'ಯಂತೆ ಕೇಳಿಸುವುದು ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯದು.) ಹಿಂದಕ್ಕೆ ಬೀಳುವ ಉಕೆಮಿಯನ್ನು ಹತ್ತಿರದಿಂದ ನೋಡಿ. ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಮುಂದಕ್ಕೆ ಚಾಚಬೇಕು. ಗದ್ದ ಎದೆಗೆ ಒತ್ತಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಬೇಕು. ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳಿ, ಬೆನ್ನು ಚಾಪೆಗೆ ತಾಗುವ ಕ್ಷಣಕ್ಕೆ ಸರಿಯಾಗಿ ಎರಡೂ ಕೈಯನ್ನು, ಅಂಗೈಯಿಂದ ಮೊಣಕೈವರೆಗೆ, ಮೈಯಿಂದ 30-40 ಡಿಗ್ರಿ ಓರೆಯಲ್ಲಿ ಫಟ್ಟೆಂದು ಬಡಿಯಬೇಕು. ಕೈ ತೀರ ಅಗಲಕ್ಕೆ ಹೋದರೆ ಭುಜಕ್ಕೆ ಪೆಟ್ಟು. ಹಿಂದಕ್ಕೆ ಊರಿದರೆ ಮಣಿಕಟ್ಟು ಮುರಿಯುತ್ತದೆ. ಎಲ್ಲಕ್ಕಿಂತ ಮುಖ್ಯ ಆ ಗದ್ದ. ಗಂಟನ್ನು ನೋಡು ಎಂದು ಹೇಳುವುದು ಗಂಟಿನಲ್ಲಿ ಏನೋ ಇದೆ ಎಂದಲ್ಲ. ಗಂಟನ್ನು ನೋಡುವ ಕತ್ತು ಹಿಂದಕ್ಕೆ ವಾಲಲಾರದು, ತಲೆಯ ಹಿಂಭಾಗ ನೆಲಕ್ಕೆ ಬಡಿಯಲಾರದು. ಕೂತು ಮಾಡಿದ ಮೇಲೆ ನಿಂತು, ನಿಂತ ಮೇಲೆ ನಡೆಯುತ್ತ, ಆಮೇಲೆ ಇನ್ನೊಬ್ಬರು ಮೆಲ್ಲಗೆ ಕೆಡವಿದಾಗ, ಕೊನೆಗೆ ಜೋರಾಗಿ ಎಸೆದಾಗ. ಈ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿದರೂ ಮೈ ಆ ಕ್ಷಣದಲ್ಲಿ ತನಗೆ ಗೊತ್ತಿರುವುದನ್ನೇ ಮಾಡುತ್ತದೆ: ಕೈ ಹಿಂದಕ್ಕೆ ಊರುತ್ತದೆ, ಗದ್ದ ಮೇಲೇಳುತ್ತದೆ. ಮೊದಲ ವರ್ಷದ ನಿಜವಾದ ಪಾಠ ಇದೊಂದೇ ಎಂದರೂ ನಡೆದೀತು. ಮುಂದಿನದಕ್ಕೆ ಅವಸರವಿಲ್ಲ: ಕಪ್ಪು ಬೆಲ್ಟಿನ 'ಶೋದಾನ್' ಎಂಬ ಹೆಸರಿಗೂ ಮೊದಲ ದರ್ಜೆ ಎಂದಷ್ಟೇ ಅರ್ಥ.

ಈ ಪಾಠ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಶಾಲೆಗಳಲ್ಲೇ ಲೆಕ್ಕವಿದೆ. ನಗೊಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಉಚಿದಾ ರ್ಯೋ ಶಾಲಾ ಅಪಘಾತಗಳ ಪರಿಹಾರ ದಾಖಲೆಗಳನ್ನು ಕೂತು ತಿರುವಿಹಾಕಿದಾಗ ಕಂಡದ್ದು: 1983ರಿಂದ 2011ರವರೆಗಿನ 29 ವರ್ಷಗಳಲ್ಲಿ ಶಾಲಾ ಜೂಡೊದಲ್ಲಿ ಸತ್ತ ಮಕ್ಕಳು 118. ಹೆಚ್ಚಿನವರು ತರಗತಿಯ ಪಾಠದಲ್ಲಲ್ಲ, ಕ್ಲಬ್ಬಿನ ಅಭ್ಯಾಸದಲ್ಲಿ ಸತ್ತವರು. ಅರ್ಧಕ್ಕೂ ಹೆಚ್ಚು ಸಾವಿಗೆ ತಲೆಯ ಪೆಟ್ಟೇ ಕಾರಣ. ಆಗಾಗ ಹೆಸರು ಬರುವ ಪಟ್ಟು ಓಸೊತೊಗಾರಿ, ಅಂದರೆ ಎದುರಾಳಿಯ ಕಾಲನ್ನು ಹಿಂದಿನಿಂದ ಕೊಯ್ದು ಅಂಗಾತ ಕೆಡವುವುದು. ನೋಡಲು ಸರಳ, ಹೊಸಬರಿಗೂ ಬೇಗ ಕಲಿಸಿಬಿಡುತ್ತಾರೆ. ಆದರೆ ಬೀಳುವವನ ತಲೆ ಸುಮಾರು ಅವನ ನಿಲುವಿನಷ್ಟೇ ಎತ್ತರದಿಂದ ಹಿಂದಕ್ಕೆ ಬೀಸಿಕೊಂಡು ಬರುತ್ತದೆ. ಮಿದುಳಿನ ಮೇಲ್ಮೈಯಿಂದ ಅದರ ಹೊದಿಕೆಗೆ ಸಣ್ಣ ಸೇತುವೆಗಳ ಹಾಗೆ ಹಾಯುವ ರಕ್ತನಾಳಗಳಿವೆ. ತಲೆ ಜೋರಾಗಿ ತೂಗಿ ಗಕ್ಕನೆ ನಿಂತಾಗ ಬುರುಡೆ ನಿಲ್ಲುತ್ತದೆ, ಒಳಗಿನ ಮಿದುಳು ಒಂದಿಷ್ಟು ಮುಂದೆ ಹೋಗಿ ಆ ನಾಳಗಳನ್ನು ಜಗ್ಗಿ ಹರಿಯುತ್ತದೆ. ತಲೆ ನೆಲಕ್ಕೆ ತಾಗಲೇಬೇಕೆಂದೂ ಇಲ್ಲ. ಹರಿದ ನಾಳ ಸಣ್ಣಗೆ ಸೋರುತ್ತಿದ್ದರೆ ಹೊರಗೆ ಕಾಣುವುದು ಬರೀ ತಲೆನೋವು. ಆ ತಲೆನೋವಿನಲ್ಲೇ ಮರುದಿನ ಅಭ್ಯಾಸಕ್ಕೆ ಬಂದು ಇನ್ನೊಂದು ಸಲ ಬಿದ್ದರೆ, ಎರಡನೆಯದು ಸಣ್ಣ ಪೆಟ್ಟಾದರೂ ಪ್ರಾಣಕ್ಕೆ ಬರಬಹುದು.

ಈ ಲೆಕ್ಕದಲ್ಲಿ ನಿಮಗೆ ಸಂಬಂಧಿಸಿದ ಅಂಶವೆಂದರೆ, ಸತ್ತವರಲ್ಲಿ ಎದ್ದು ಕಾಣುವವರು ಮೊದಲ ವರ್ಷದವರು; ಹೈಸ್ಕೂಲು ಮೆಟ್ಟಿಲು ಹತ್ತಿದ ಕೆಲವೇ ತಿಂಗಳ ಹುಡುಗರು. ಬೀಳಲು ಬರದಿದ್ದುದು ಒಂದು ಕಾರಣ ಎಂದು ಯಾರೂ ಹೇಳಬಲ್ಲರು. ಇನ್ನೊಂದು ಕಾರಣ ಅಷ್ಟೇ ಬಲವಾದದ್ದೆಂದು ನನಗನ್ನಿಸುತ್ತದೆ: ಬೀಳಲು ಬರುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿರಲಿಲ್ಲ. ಜಪಾನಿನ ಕಾಲೇಜು ಕ್ಲಬ್ಬುಗಳಲ್ಲಿ ನಗುತ್ತಲೇ ಹೇಳುವ ಒಂದು ಮಾತಿದೆ. ಮೊದಲ ವರ್ಷದವನು ಜೀತದಾಳು, ಎರಡನೆಯವನು ಪ್ರಜೆ, ಮೂರನೆಯವನು ಶ್ರೀಮಂತ, ನಾಲ್ಕನೆಯ ವರ್ಷದವನು ದೇವರು. ಸೆಂಪೈ ಎಂದರೆ ಮೊದಲು ಬಂದವನು, ಕೋಹೈ ಎಂದರೆ ಆಮೇಲೆ ಬಂದವನು. ನೇರ್ಪಾಗಿದ್ದರೆ ಇದೊಂದು ಚೆಲುವಾದ ಏರ್ಪಾಡು, ಅಣ್ಣ ತಮ್ಮನಿಗೆ ಸೈಕಲ್ ಕಲಿಸುವ ಹಾಗೆ. ಕೆಟ್ಟರೆ ಮಾತ್ರ ಅದರಲ್ಲಿ ದೂರು ಮೇಲಕ್ಕೆ ಹೋಗುವ ದಾರಿಯೇ ಇರುವುದಿಲ್ಲ. 2009ರ ಆಗಸ್ಟ್‌ನಲ್ಲಿ ಓಯ್ತಾ ಪ್ರಾಂತ್ಯದ ಒಂದು ಹೈಸ್ಕೂಲಿನಲ್ಲಿ ಕೆಂಡೊ ಕ್ಲಬ್ಬಿನ 17ರ ಹರೆಯದ ನಾಯಕ, ಸೆಕೆಯಲ್ಲಿ ಕವಚ ತೊಟ್ಟು ಅಭ್ಯಾಸ ಮಾಡುತ್ತ ತೂರಾಡತೊಡಗಿದ. ಕೈಯಿಂದ ಬಿದಿರುಕತ್ತಿ ಜಾರಿ ಬಿದ್ದರೂ ಅದು ತಿಳಿಯದೆ ಹಿಡಿದಂತೆಯೇ ಕೈ ಆಡಿಸುತ್ತಿದ್ದ. ಕಲಿಸುತ್ತಿದ್ದ ಶಿಕ್ಷಕ ಇದು ನಾಟಕವೆಂದು ಗದರಿಸಿ ಕೆನ್ನೆಗೆ ಬಾರಿಸಿದ. ಹುಡುಗ ಬಿಸಿಲಾಘಾತದಿಂದ ತೀರಿಕೊಂಡ. ಅವನು ಹೊಸಬನೂ ಆಗಿರಲಿಲ್ಲ, ಕ್ಲಬ್ಬಿನ ನಾಯಕ. ನಾಯಕನ ಸಂಕಟವೇ ನಾಟಕವಾಗಿ ಕಂಡಲ್ಲಿ ಬಿಳಿ ಬೆಲ್ಟಿನವನ ಮಾತಿಗೆ ಏನು ಬೆಲೆ?

ನಿಮ್ಮಲ್ಲಿ ಹಲವರು ಈಗಾಗಲೇ ತಲೆಯಾಡಿಸುತ್ತಿರಬಹುದು: ಕಷ್ಟವೇ ಬೇಡವೆಂದರೆ ಡೋಜೊಗೆ ಯಾಕೆ ಹೋಗಬೇಕು, ಜಿಮ್ಮಿಗೆ ಹೋದರಾಯಿತು. ಮಾತು ನಿಜ. ಕಷ್ಟವೇ ಈ ವಿದ್ಯೆಗಳ ಉಪ್ಪು. ಕೊಡೊಕಾನಿನ ಕಾನ್‌ಗೇಕೊ ನಡೆಯುವುದು ಜನವರಿಯ ನಸುಕಿನಲ್ಲಿ, 10 ದಿನ ಬಿಡದೆ. ಬರಿಗಾಲಿಗೆ ಚಾಪೆ ಮಂಜುಗಡ್ಡೆಯ ಹಾಗೆ ತಾಗುತ್ತದೆ. ಯೋಶಿಂಕಾನ್ ಐಕಿಡೊದ ಸೆನ್ಷೂಸೇ ತರಬೇತಿ ಟೋಕಿಯೊದ ಗಲಭೆ ನಿಗ್ರಹ ಪೊಲೀಸರಿಗೆಂದು ಹುಟ್ಟಿದ್ದು. 11 ತಿಂಗಳಲ್ಲಿ ಬಿಳಿ ಬೆಲ್ಟಿನವರನ್ನು ಕಪ್ಪು ಬೆಲ್ಟಿಗೆ ತಂದು ನಿಲ್ಲಿಸುತ್ತದೆ, ಹೊರದೇಶದವರೂ ದುಡ್ಡು ಕೊಟ್ಟು ಸೇರುತ್ತಾರೆ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಇವುಗಳಲ್ಲಿ ಕಷ್ಟಕ್ಕೆ ಮೊದಲೇ ಗೊತ್ತಿರುವ ಅಂಕೆಯಿದೆ. ಎಷ್ಟು ದಿನ, ಎಷ್ಟು ಹೊತ್ತು ಎಂದು ಎಲ್ಲರಿಗೂ ಗೊತ್ತು. ಒಪ್ಪಿದವರು ಬರುತ್ತಾರೆ, ಕಲಿಸುವವರೂ ಅದೇ ಚಳಿಯಲ್ಲಿ ಅದೇ ಚಾಪೆಯ ಮೇಲೆ ನಿಲ್ಲುತ್ತಾರೆ. ಶಿಗೊಕಿ ಎಂದು ಜಪಾನಿಯರೇ ಕರೆಯುವ ಹಿಂಸೆಗೆ ಇವು ಯಾವುವೂ ಇಲ್ಲ: ಅದಕ್ಕೆ ಹೊತ್ತಿಲ್ಲ, ಗೊತ್ತಿಲ್ಲ, ಒಬ್ಬನಿಗೆ ಮಾತ್ರ ಬೀಳುತ್ತದೆ, ಕೊಡುವವನು ಬೆವರುವುದಿಲ್ಲ. ಅಭ್ಯಾಸದ ನಡುವೆ ನೀರು ಕುಡಿಯಬಾರದು ಎಂಬ ಹಳೇ ಕಟ್ಟಳೆಯೂ ಇದೇ ಜಾತಿಯದು. ಜಪಾನಿನ ಕ್ಲಬ್ಬುಗಳಲ್ಲಿ ದಶಕಗಟ್ಟಲೆ ಅದನ್ನು ಮನೋಬಲವೆಂದು ಪಾಲಿಸಿದರು. ಇವತ್ತು ಯಾವ ಜವಾಬ್ದಾರಿಯುತ ಸೆನ್ಸೇಯೂ, ಅಂದರೆ ಗುರುವೂ, ಅದನ್ನು ಹೇಳುವುದಿಲ್ಲ. ಆ ಕಟ್ಟಳೆ ಬಿದ್ದುಹೋದದ್ದರಿಂದ ಯಾರ ಮನೋಬಲವೂ ಬಿದ್ದುಹೋಗಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಮಿತೊರಿಗೇಕೊ ಎಂಬುದು ಅಲ್ಲಿನ ಕಲಿಕೆಯ ದೊಡ್ಡ ಅಂಗ: ಬಾಯಿಮುಚ್ಚಿ ನೋಡಿ ಕಲಿಯುವುದು. ಶು, ಹಾ, ರಿ ಎಂಬ ಮೂರು ಹಂತಗಳ ಮಾತೂ ಇದೆ; ಮೊದಲು ಕಟ್ಟನ್ನು ಕಾಪಾಡು, ಆಮೇಲೆ ಮುರಿ, ಕೊನೆಗೆ ಬಿಟ್ಟು ನಡೆ. ಮೊದಲ ವರ್ಷದವನು ಮೊದಲ ಹಂತದಲ್ಲೇ ಇರುವವನು, ಅವನಿಗೇಕೆ ಪ್ರಶ್ನೆ? ಇದರಲ್ಲಿ ಹುರುಳಿದೆ. ಸಂಗೀತ ಕಲಿತವರಿಗೆ ಗೊತ್ತು, ಸರಳೆ ವರಸೆ ಹಾಡುವಾಗಲೇ ರಾಗದ ಲಕ್ಷಣ ಕೇಳುವ ಶಿಷ್ಯ ಎರಡನ್ನೂ ಕಳೆದುಕೊಳ್ಳುತ್ತಾನೆ. ಸೊಂಟ ಇನ್ನೂ ಎಷ್ಟು ತಿರುಗಬೇಕು, ಈ ವರಸೆಗೆ ಈ ಹೆಸರು ಯಾಕೆ, ಮುಂದಿನ ಪಟ್ಟು ಯಾವಾಗ ಎಂಬಂಥ ಪ್ರಶ್ನೆಗಳು ಕಾಯಬಲ್ಲವು, ಕಾಯಬೇಕು ಕೂಡ. ನಿಮಿಷಕ್ಕೊಂದು ಕೇಳುವವನನ್ನು ಸೆನ್ಸೇ ಸುಮ್ಮನಿರು ಎಂದರೆ ಅದು ಪಾಠವೇ. ಆದರೆ ಕಾಯಲಾರದ ಮಾತುಗಳೂ ಇವೆ. ನನಗೆ ಇನ್ನೂ ಬೀಳಲು ಬರುವುದಿಲ್ಲ. ನಿನ್ನೆಯಿಂದ ತಲೆ ನೋಯುತ್ತಿದೆ. ಕಣ್ಣು ಕತ್ತಲೆ ಬರುತ್ತಿದೆ, ನೀರು ಬೇಕು. ಇವು ಕಟ್ಟನ್ನು ಮುರಿಯುವ ಪ್ರಶ್ನೆಗಳಲ್ಲ. ಕಟ್ಟು ಉಳಿಯಬೇಕಾದರೆ ಕಲಿಯುವವನು ಉಳಿಯಬೇಕು. ಈ ಎರಡು ಬಗೆಯ ಮಾತುಗಳನ್ನು ಒಂದೇ ಬುಟ್ಟಿಗೆ ಹಾಕಿ, ಎಲ್ಲಕ್ಕೂ 'ಸುಮ್ಮನಿರು' ಎಂಬ ಒಂದೇ ಉತ್ತರ ಕೊಟ್ಟಲ್ಲೇ ಅನಾಹುತ ಹುಟ್ಟಿದ್ದು.

ಹೊರಗಿನಿಂದ ಬಂದ ನಾವು ಇದನ್ನೆಲ್ಲ ಹೇಳಬಹುದೇ ಎಂಬ ಸಂಕೋಚ ಮೂರನೆಯದು. ಅತಿಥಿಗಳಾಗಿ ಹೋದ ಮನೆಯ ಅಡುಗೆಗೆ ಉಪ್ಪು ಕಡಿಮೆ ಎನ್ನಬಾರದು ಎಂದು ನಮ್ಮವರು ಕಲಿಸಿದ್ದಾರೆ. ಆದರೆ ಇಲ್ಲಿ ಉಪ್ಪಿನ ಮಾತೆತ್ತಿದವರು ಮನೆಯವರೇ. ಜೂಡೊದಲ್ಲಿ ಮಕ್ಕಳನ್ನು ಕಳೆದುಕೊಂಡ, ಮಕ್ಕಳು ಹಾಸಿಗೆ ಹಿಡಿದ ಜಪಾನೀ ತಂದೆತಾಯಿಗಳು 2010ರಲ್ಲಿ ಸೇರಿ ಸಂಘ ಕಟ್ಟಿಕೊಂಡರು. 2012ರ ಏಪ್ರಿಲ್‌ನಿಂದ ಹೈಸ್ಕೂಲು ಪೂರ್ವದ ತರಗತಿಗಳಲ್ಲಿ ಬುಡೊ, ಅಂದರೆ ಈ ಸಮರಕಲೆಗಳು, ಕಡ್ಡಾಯವಾಗಲಿವೆ ಎಂದಾಗ ಅವರ ಪ್ರಶ್ನೆಗೆ ಪತ್ರಿಕೆಗಳು ಕಿವಿಗೊಟ್ಟವು. ಮರುವರ್ಷ, ರಾಷ್ಟ್ರೀಯ ಮಹಿಳಾ ತಂಡದ 15 ಮಂದಿ ಜೂಡೊ ಪಟುಗಳು ತರಬೇತಿಯಲ್ಲಿ ತಮಗೆ ಬಿದ್ದ ಹೊಡೆತ, ಬೈಗುಳಗಳನ್ನು ಜಪಾನಿನ ಒಲಿಂಪಿಕ್ ಸಮಿತಿಗೆ ಬರೆದು ತಿಳಿಸಿದ್ದು ಬಯಲಾಯಿತು. ತಂಡದ ತರಬೇತುದಾರ ಹುದ್ದೆ ಬಿಟ್ಟರು. ಅದೇ 2013ರಲ್ಲಿ ಜೂಡೊ ಕಲಿಸುವವರಿಗೆ ಜಪಾನಿನ ಜೂಡೊ ಒಕ್ಕೂಟ ಪರವಾನಗಿ ಪದ್ಧತಿ ತಂದಿತು. 2022ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ಪಂದ್ಯಾವಳಿಯನ್ನೇ ಕೈಬಿಟ್ಟಿತು, ಗೆಲುವಿನ ಹುಚ್ಚು ಮಕ್ಕಳನ್ನು ಹಾಳುಮಾಡುತ್ತಿದೆ ಎಂಬ ಕಾರಣ ಕೊಟ್ಟು. 'ಸಂಪ್ರದಾಯ' ಎಂದು ನಿಮ್ಮ ಬಾಯಿ ಮುಚ್ಚಿಸಬಹುದಾದ ಸೆಂಪೈಗೆ ತೋರಿಸಲು ಇನ್ನೊಂದು ಕಾಗದವೂ ಇದೆ. 1987ರಲ್ಲಿ ಜಪಾನಿನ ಬುಡೊ ಸಂಘಟನೆಗಳು ಒಟ್ಟುಗೂಡಿ ರೂಪಿಸಿದ ಬುಡೊ ಸನ್ನದು. ಡೋಜೊ ಹೇಗಿರಬೇಕೆಂದು ಅದು ಹೇಳುವಲ್ಲಿ ಶಿಸ್ತು, ಮೌನ, ಶುಚಿಗಳ ಜೊತೆಗೆ ಸುರಕ್ಷತೆಯೂ ಸೇರಿದೆ.

ಮೆತ್ತಗಾದರೆ ವಿದ್ಯೆಯೇ ಸೊರಗುತ್ತದೆ ಎನ್ನುವವರಿಗೆ ಫ್ರಾನ್ಸನ್ನು ತೋರಿಸಬೇಕು. ಅಲ್ಲಿನ ಜೂಡೊ ಒಕ್ಕೂಟದ ಸದಸ್ಯರು 5 ಲಕ್ಷಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಜಪಾನಿನ ಒಕ್ಕೂಟದಲ್ಲಿ ಹೆಸರು ನೋಂದಾಯಿಸಿದವರು 2 ಲಕ್ಷದ ಒಳಗೇ. ಜೂಡೊ ಕಲಿಸಲು ಸರ್ಕಾರಿ ಡಿಪ್ಲೊಮಾ ಬೇಕೆಂದು ಫ್ರಾನ್ಸ್ ಕಾನೂನು ಮಾಡಿದ್ದು 1955ರಲ್ಲೇ. ಜಪಾನಿನಲ್ಲಿ ಕಂಡಂಥ ಮಕ್ಕಳ ಸಾವಿನ ಸಾಲು ಅಲ್ಲಿಲ್ಲ. ಹಾಗೆಂದು ಫ್ರೆಂಚರ ಜೂಡೊ ಸಪ್ಪೆಯೇ? 2021ರ ಟೋಕಿಯೊ ಒಲಿಂಪಿಕ್ಸ್‌ನ ಮಿಶ್ರ ತಂಡ ಫೈನಲ್‌ನಲ್ಲಿ, ಬುಡೊಕಾನ್ ಎಂಬ ಅಲ್ಲಿನ ಸಮರಕಲೆಗಳ ಅಂಗಣದಲ್ಲೇ, ಅವರು ಜಪಾನನ್ನು ಸೋಲಿಸಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ. ಜಪಾನಿನದೇ ಲೆಕ್ಕ ನೋಡಿ. ಹೊಡೆತದ ತರಬೇತಿ ಇನ್ನೂ ನಡೆಯುತ್ತಿದ್ದ 2012ರ ಲಂಡನ್‌ನಲ್ಲಿ ಜಪಾನ್ ಜೂಡೊಗೆ ಸಿಕ್ಕ ಚಿನ್ನ 1. ಪುರುಷರಿಗೆ ಒಂದೂ ಇಲ್ಲ. ಆಮೇಲೆ ಪುರುಷರ ತಂಡದ ಹೊಣೆ ಹೊತ್ತ ಇನೊವೆ ಕೋಸೆ ತಾಲೀಮಿನ ರೀತಿಯನ್ನೇ ಬದಲಿಸಿ, ಪಟುಗಳು ತಾವೇ ಯೋಚಿಸುವಂತೆ ಮಾಡಿದರೆಂಬ ಹೆಸರು ಪಡೆದರು. 2021ರ ಟೋಕಿಯೊದಲ್ಲಿ ಪುರುಷರೂ ಮಹಿಳೆಯರೂ ಸೇರಿ ಗೆದ್ದ ಚಿನ್ನ 9. ಹೊಡೆಯುವುದು ಬಿಟ್ಟದ್ದರಿಂದಲೇ ಪದಕ ಬಂತು ಎಂದು ಹೇಳಲಾರೆ. ತವರಿನ ಅನುಕೂಲವೂ ಇತ್ತು, ಒಳ್ಳೆಯ ತಲೆಮಾರೂ ಇತ್ತು. ಹೊಡೆಯುವುದು ಬಿಟ್ಟರೆ ಪದಕ ಹೋಗುತ್ತದೆ ಎಂಬ ಹೆದರಿಕೆಗೆ ಮಾತ್ರ ಇಲ್ಲಿ ಆಧಾರ ಸಿಗುವುದಿಲ್ಲ. ಶಾಲೆಗಳಲ್ಲೂ ಅಷ್ಟೆ: ತಲೆಯ ಪೆಟ್ಟಿನ ವಿಷಯ ಎಲ್ಲರ ಬಾಯಿಗೆ ಬಂದ ಮೇಲೆ ಸಾವುಗಳು ಥಟ್ಟನೆ ಇಳಿದವು. ಪೂರ್ತಿ ನಿಂತಿಲ್ಲ. ಇಳಿಸಲು ಹೊಸ ಯಂತ್ರವೇನೂ ಬೇಕಾಗಲಿಲ್ಲ, ಕೇಳಿದ್ದೇ ಕೆಲಸ ಮಾಡಿತು.

ತಂದೆತಾಯಿಗಳೇ, ಇಷ್ಟರಲ್ಲಿ ದೋಷವೆಲ್ಲ ಜಪಾನಿನದೇ ಎಂಬ ಭಾವನೆ ಬಂದಿದ್ದರೆ ಅದನ್ನು ಬಿಡಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ 'ಹೊಡೆದಾದರೂ ಕಲಿಸಿ ಮೇಷ್ಟ್ರೇ' ಎಂದು ಕೈಮುಗಿದ ಊರಿನಿಂದ ಹೋದವರು ನಾವು. ಕಟ್ಟುನಿಟ್ಟಿನ ಸೆನ್ಸೇಯನ್ನು ಕಂಡರೆ ನಮಗೆ ಒಳಗೊಳಗೇ ಸಮಾಧಾನ, ಮಗನಿಗೆ ಶಿಸ್ತು ಬರುತ್ತದೆ ಎಂದು. ಅದೇ ಊರಿನಲ್ಲಿ ಗರಡಿಮನೆಗಳೂ ಇದ್ದವು. ಅಲ್ಲಿ ಜೋಡಿ ಕಟ್ಟುವ ಮೊದಲು ಪೈಲ್ವಾನರು ಮಟ್ಟಿಯನ್ನು ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಎಣ್ಣೆ ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು. ಮಣ್ಣಿಗೆ ಪೂಜೆಯನ್ನೂ ಮಾಡುತ್ತಿದ್ದರು. ಬೀಳುವವನ ಮೈಗೆ ನೆಲ ಮಿದುವಾಗಿರಲಿ ಎಂಬ ಕಾಳಜಿಗೆ ಭಕ್ತಿಯ ರೂಪ ಕೊಟ್ಟವರು ಅವರು. ಉಸ್ತಾದರ ಕಟ್ಟಳೆ ಸಡಿಲವಾಗಿತ್ತೆಂದು ಯಾರೂ ಹೇಳುವುದಿಲ್ಲ. ಡೋಜೊದ ತತಾಮಿಯನ್ನು ಒರೆಸುವಾಗ, ಅದು ಕೀಳು ಕೆಲಸವೆಂದು ನಿಮ್ಮ ಮಗ ಮುಖ ಸಿಂಡರಿಸಿದರೆ, ಈ ಮಟ್ಟಿಯ ಮಾತು ಹೇಳಿ. ಒರೆಸುವ ಕೆಲಸವನ್ನು ದಯವಿಟ್ಟು ಬಿಡಿಸಬೇಡಿ. ಎರಡು ಚಾಪೆಗಳ ನಡುವೆ ಸಂದು ಬಿಟ್ಟಿದ್ದರೆ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಸಂದನ್ನು ಮೊದಲು ನೋಡುವುದು ಬಗ್ಗಿ ಒರೆಸುತ್ತಿರುವವನೇ.

ಈ ತಿಂಗಳಲ್ಲೇ ನಿಮ್ಮ ಕೈಗೆ ಕ್ಲಬ್ಬಿನವರು ಕ್ರೀಡಾ ವಿಮೆಯ ಒಂದು ಅರ್ಜಿ ಕೊಡಬಹುದು. ಅದರ ಅವಧಿ ಏಪ್ರಿಲ್ 1ರಿಂದ ಮಾರ್ಚ್ 31, ಸರಿಯಾಗಿ ನಿಮ್ಮ ಮೊದಲ ವರ್ಷದಷ್ಟೇ. ಅರ್ಜಿ ತುಂಬಿ ಕೊಡುವ ಆ ಹೊತ್ತು ಮಾತೆತ್ತಲು ಒಳ್ಳೆಯ ಸಮಯ, ಯಾರಿಗೂ ಅಧಿಕಪ್ರಸಂಗವೆನ್ನಿಸುವುದಿಲ್ಲ. ಹೊಸಬರನ್ನು ಎಷ್ಟು ವಾರ ಉಕೆಮಿಯಲ್ಲೇ ಇಡುತ್ತೀರಿ, ಮೊದಲ ಸಲ ಎಸೆಯುವವರು ಯಾರು, ಓಸೊತೊಗಾರಿಯನ್ನು ಯಾವ ತಿಂಗಳಲ್ಲಿ ತರುತ್ತೀರಿ, ತಲೆಗೆ ಪೆಟ್ಟಾದ ಮಗುವನ್ನು ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ವಿಚಾರಿಸಿ. ಒಳ್ಳೆಯ ಸೆನ್ಸೇ ಇವಕ್ಕೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ, ಅವರೂ ಇದನ್ನೇ ಯೋಚಿಸುತ್ತಿರುತ್ತಾರೆ. ಪ್ರಶ್ನೆ ಕೇಳಿ ಮುಖ ಬಿಗಿದುಕೊಂಡರೆ, ಊರಿನಲ್ಲಿ ಇನ್ನೊಂದು ಡೋಜೊ ಇದ್ದೇ ಇರುತ್ತದೆ. ಮನೆಗೆ ಬಂದಮೇಲೆ ಮಗುವಿಗೆ ಎರಡು ಜಪಾನೀ ವಾಕ್ಯ ಬಾಯಿಪಾಠ ಮಾಡಿಸಿ. 'ಮಾದಾ ಉಕೆಮಿ ಗಾ ದೆಕಿಮಾಸೆನ್', ನನಗಿನ್ನೂ ಬೀಳಲು ಬರುವುದಿಲ್ಲ. 'ಅತಾಮಾ ಗಾ ಇತಾಯ್ ದೆಸು', ತಲೆ ನೋಯುತ್ತಿದೆ. ಮೆಲ್ಲಗೆ ಹೇಳಿದರೆ ಡೋಜೊದ ಗದ್ದಲದಲ್ಲಿ ಕೇಳಿಸುವುದಿಲ್ಲ. ಅಡುಗೆಮನೆಯಲ್ಲಿ ನಿಂತು, ಎದುರುಮನೆಗೆ ಕೇಳುವ ಹಾಗೆ ಒಂದು ಹತ್ತು ಸಲ ಹೇಳಿಸಿ.

ಇಂತಿ,
ನಿಮ್ಮ ಹಿತೈಷಿ